ಅವ್ವನ ಎಡೆಗೆ ಗಾಳದ ಗೆಂಡೆ

ಹೊಳೆಯ ದಡದಿಂದ ಈ ವಾರ ನೀರಿಗೆ ಏನು ಬೀಳುತ್ತಿದೆಯೋ ಅದೇ ಈ ವಾರದ ಎರೆ ಎಂಬುದು ಮಂಟಯ್ಯನ ಸೂತ್ರ. ಗಾಳದ ಮುಳ್ಳಿಗೆ ಸಿಕ್ಕಿಸುವ ತಿನಿಸಿಗೆ ಎರೆ ಎನ್ನುತ್ತಾರೆ. ಹುಣಸೂರಿನಿಂದ ಲಕ್ಷ್ಮಣತೀರ್ಥದ ಗುಂಟ ಕೆಳಕ್ಕೆ ನಡೆದರೆ ಸಿಗುವ ಹಳ್ಳಿಗಳಲ್ಲಿ ಗಾಳ ಹಾಕುವವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಹೆಚ್ಚಿನವರು ವರ್ಷವಿಡೀ ಎರೆಹುಳು ಒಂದನ್ನೇ ನಂಬಿದವರು. ಸಿಕ್ಕರೆ ಮೀನು, ಸಿಗದಿದ್ದರೆ ಹೊಳೆಯ ಗಾಳಿ. ಮಂಟಯ್ಯ ಹಾಗಲ್ಲ. ಅವನ ಪ್ರಕಾರ ಗೆಂಡೆ ಮೀನಿಗೆ ಕಾಲಕ್ಕೊಂದು ನಾಲಿಗೆ.

ಬೇಸಿಗೆಯಲ್ಲಿ ಹೊಳೆ ಬಡವಾಗಿ ನೀರು ಮಡುಗಳಲ್ಲಿ ನಿಂತು ತಿಳಿಯಾಗುತ್ತದೆ. ದಡದ ಅತ್ತಿಮರ ಹಣ್ಣು ಉದುರಿಸುವ ಕಾಲ ಅದು. ಮಂಟಯ್ಯ ದಾರದಿಂದ ಸೀಸದ ಗುಂಡು ಬಿಚ್ಚಿ, ಮೆತ್ತಗಾದ ಅತ್ತಿಹಣ್ಣಿನೊಳಗೆ ಮುಳ್ಳನ್ನು ಮುಚ್ಚಿ, ಮರದಿಂದ ಬಿದ್ದ ಹಣ್ಣು ಎಷ್ಟು ಸದ್ದು ಮಾಡುತ್ತದೋ ಅಷ್ಟೇ ಸದ್ದಾಗುವಂತೆ ನೀರಿಗೆ ಬಿಡುತ್ತಿದ್ದ. ತಿಳಿನೀರಿನಲ್ಲಿ ಮೀನಿಗೆ ದಾರವೂ ಕಾಣುತ್ತದೆ, ಮನುಷ್ಯನ ನೆರಳೂ ಕಾಣುತ್ತದೆ. ಆದ್ದರಿಂದ ಬೊಡ್ಡೆಗೆ ಒರಗಿ, ಮರದ ನೆರಳಿನೊಳಗೆ ತನ್ನ ನೆರಳನ್ನು ಸೇರಿಸಿಕೊಂಡು ಕೂರುತ್ತಿದ್ದ. ಮೊದಲ ಮಳೆ ಬಿದ್ದು ಹುತ್ತದಿಂದ ಈಸಲು ಹುಳು ಎದ್ದರೆ, ಅವು ರೆಕ್ಕೆ ಕಳಚಿ ನೀರಿಗೆ ಬೀಳುವ ಒಂದೆರಡು ಸಂಜೆ ಮಾತ್ರ ಈಸಲು. ಕೊಡಗಿನ ಮಳೆ ಇಳಿದು ಹೊಳೆ ಕೆಂಪಾದ ಮೇಲೆ ಮೀನಿಗೆ ಕಣ್ಣು ಉಪಯೋಗಕ್ಕೆ ಬರುವುದಿಲ್ಲ. ಬಾಯಿಯ ಪಕ್ಕದ ಮೀಸೆಯಿಂದ ಮುಟ್ಟಿ, ವಾಸನೆ ಹಿಡಿದು ತಿನಿಸು ಹುಡುಕುತ್ತದೆ. ಆಗ ಎರೆಹುಳುವಿನ ಗೊಂಚಲು, ಭಾರದ ಗುಂಡು, ಸೆಳವು ತಪ್ಪಿದ ಅಂಚಿನ ಗುಳಿ. ಚಳಿಗಾಲದಲ್ಲಿ ಗೆಂಡೆಯ ಮೈ ನೀರಿನಷ್ಟೇ ತಣ್ಣಗಾಗಿ ಹಸಿವು ಕುಗ್ಗುತ್ತದೆ. ಆಗ ದೊಡ್ಡ ಉಂಡೆ ಕೊಟ್ಟರೆ ತಿರುಗಿಯೂ ನೋಡುವುದಿಲ್ಲ. ಬಿಸಿಲು ನೀರಿಗೆ ಇಳಿದ ಮಧ್ಯಾಹ್ನ ಹಿತಕಿದ ಅವರೆಬೇಳೆ ಒಂದೇ ಒಂದು.

ಇವುಗಳ ನಡುವೆ, ಮಳೆ ಹಿಂದೆಗೆದು ಕೆಂಪು ನೀರು ತಿಳಿಯಾಗುತ್ತ ಬರುವ ಭಾದ್ರಪದ, ಆಶ್ವಯುಜದ ದಿನಗಳು ಗಾಳದವರಿಗೆ ಎಲ್ಲಕ್ಕಿಂತ ಒಳ್ಳೆಯವು. ಆಗ ರಾಗಿ ಹಿಟ್ಟಿಗೆ ಗಾಣದ ಹುಚ್ಚೆಳ್ಳಿನ ಹಿಂಡಿ ಬೆರೆಸಿ ಕಲಸಿದ ಉಂಡೆ. ಒಂದು ಜಾಗ ಗೊತ್ತುಮಾಡಿಕೊಂಡು ದಿನಾ ಅಷ್ಟಷ್ಟು ಅದೇ ಉಂಡೆಯನ್ನು ಬರಿದೇ ಎಸೆದು ಮೀನಿಗೆ ರೂಢಿ ಮಾಡಿಸಬೇಕು. ರೂಢಿಯಾದ ಮೇಲೆ ಮುಳ್ಳಿರುವ ಉಂಡೆ.

ಇದನ್ನೆಲ್ಲ ಮಂಟಯ್ಯ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕಾಕನಕೋಟೆಗೆ ಬಿದಿರು ಕಡಿಯಲು ಹೋದಾಗ ಕಪಿಲೆಯ ದಡದಲ್ಲಿ ಗಾಳ ಹಾಕುವವರನ್ನು ನೋಡಿ ಕಲಿತದ್ದು. ಕಲಿತದ್ದನ್ನು ತನ್ನ ಹೊಳೆಗೆ ಹೊಂದಿಸಿಕೊಂಡದ್ದು ಅವನೇ. ಹೇಳಿಕೊಳ್ಳುವುದರಲ್ಲಿ ಸಂಕೋಚದವನೂ ಅಲ್ಲ. ಯಾರಾದರೂ ಬರಿಗೈಯಲ್ಲಿ ಹೊಳೆಯಿಂದ ಬಂದರೆ, "ಏನ್ ಹಾಕಿದ್ದೆ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ತಲೆ ಅಲ್ಲಾಡಿಸುತ್ತಿದ್ದ.

ಆಯ್ಕೆ ಅವನದು, ಗಾಳ ಅವನದು; ಕಲಸುವ ಕೆಲಸ ಮಾತ್ರ ಅವ್ವನದು. ಅವ್ವ ಪುಟ್ಟಸಿದ್ದಮ್ಮ ಪಿರಿಯಾಪಟ್ಟಣದ ಕಡೆ ಹಾರನಹಳ್ಳಿಯ ಹತ್ತಿರದಿಂದ ಬಂದ ಹೆಣ್ಣು. ಮಗ ಬೆಳಗ್ಗೆ ಹೊಲಕ್ಕೆ ಹೋಗುವ ಮೊದಲು, "ಇವತ್ತು ರಾಗಿ ಎರಡು ಪಾಲು, ಹಿಂಡಿ ಒಂದು ಪಾಲು ಕಣವ್ವ" ಎಂದರೆ ಅವಳು ಕುಟ್ಟಿ, ಜರಡಿಯಾಡಿ, ನಾದಿ, ಉಂಡೆ ಮಾಡಿ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಇಡುತ್ತಿದ್ದಳು. ಗಾಳಿಗೆ ಬಿಟ್ಟ ಉಂಡೆ ಬಿರುಕು ಬಿಟ್ಟರೆ ನೀರಿನಲ್ಲಿ ಒಡೆದು ಮುಳ್ಳು ಬರಿದಾಗುತ್ತದೆ. ಬಿರುಕು ಬಿಡದ್ದು ಒಳ್ಳೆಯ ಉಂಡೆ. ಬಿಟ್ಟರೆ ಮತ್ತೆ ನಾದುವುದು. ಸೊಸೆ ಚಿಕ್ಕಸಿದ್ದಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಆ ಹಿಟ್ಟಿಗೆ ಕೈ ಹಾಕಲು ಹೋಗಿದ್ದಳು.

"ನೀನು ನಾವ್ ಉಣ್ಣೋ ಹಿಟ್ಟು ತಿರುವು ತಾಯಿ" ಎಂದಿದ್ದಳು ಅತ್ತೆ. "ಇದು ಮೀನು ಉಣ್ಣೋದು. ಅದ್ಕೆ ನಾಲ್ಗೆ ಜಾಸ್ತಿ."

ಆಮೇಲೆ ಚಿಕ್ಕಸಿದ್ದಮ್ಮ ಕೈ ಹಾಕಲಿಲ್ಲ. ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ ಪುಟ್ಟಸಿದ್ದಮ್ಮ ಜ್ವರದಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಹೋಗುವ ಮುಂಚೆ, ನೋಡಲು ಬಂದ ನೆರೆಹೊರೆಯವರ ಎದುರಿಗೇ ಮಗನನ್ನು ಕರೆದು ಒಂದು ಮಾತು ಹೇಳಿದಳು.

"ಮೊದುಲ್ನೆ ಪಕ್ಸಕ್ಕೆ ಬಾಡು ಗೀಡು ಅಂತ ಮಾಡ್ಬ್ಯಾಡ ಕಣಪ್ಪ. ಹೊಳೇದು ಗಾಳದ್ ಗೆಂಡೆ ಇಡು. ಬಲೆ ಮೀನು ಬ್ಯಾಡ. ಕೆರೆ ಮೀನಂತೂ ಬ್ಯಾಡ್ವೇ ಬ್ಯಾಡ. ನಮ್ಮಪ್ಪನ ಮನೇಲಿ ಆ ಕೆಸರು ವಾಸ್ನೆ ಮೀನು ತಿಂದು ತಿಂದು ಸಾಕಾಗೋಗದೆ."

"ಒಂದ್ಯಾಕವ್ವ, ಎಡೆಗೊಂದು ಸಾರಿಗೊಂದು ಇಡ್ತೀನಿ ಬುಡು" ಎಂದ ಮಂಟಯ್ಯ.

ಭಾದ್ರಪದದ ಕತ್ತಲ ಪಕ್ಷದಲ್ಲಿ, ಅಮಾವಾಸ್ಯೆಯೊಳಗೆ, ಆ ಸೀಮೆಯ ಮನೆಗಳಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಬಾಳೆಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಕೋಣೆಯ ಬಾಗಿಲನ್ನು ಮುಂದಕ್ಕೆಳೆದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಕೂರುತ್ತಾರೆ. ಆ ವರ್ಷ ತೀರಿಕೊಂಡವರು ಮೊದಲ ಎಡೆ ಉಂಡ ಮೇಲೆಯೇ ಹಿರಿಯರ ಸಾಲಿಗೆ ಸೇರುವುದು. ಕೇಳಿದ್ದು ಎಲೆಯಲ್ಲಿ ಇಲ್ಲದಿದ್ದರೆ ಮುನಿಸಿಕೊಂಡು ಹೊಸ್ತಿಲ ಹೊರಗೇ ನಿಲ್ಲುತ್ತಾರೆ ಎಂಬುದು ನಂಬಿಕೆ. ಮಂಟಯ್ಯನ ಮನೆಗೆ ಅದು ಪುಟ್ಟಸಿದ್ದಮ್ಮನ ಮೊದಲ ಪಕ್ಷ.

ಅವನಿಗೆ ಇದರ ಚಿಂತೆಯೇ ಇರಲಿಲ್ಲ. ವರ್ಷದಲ್ಲಿ ಗೆಂಡೆ ಬೀಳುವುದು ಎಲ್ಲಕ್ಕಿಂತ ಸುಲಭವಾದ ಕಾಲದಲ್ಲೇ ಪಕ್ಷ ಬರುತ್ತದೆ. ಹಾಗಾಗಿ ಆ ಮಳೆಗಾಲದಲ್ಲಿ ನೀಲಕಂಠಸ್ವಾಮಿಯವರು ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ತಮ್ಮ ಬ್ಯಾರನ್ನಿಗೆ ಆಳು ಬೇಕೆಂದಾಗ ಮೊದಲ ಸಲ ಆ ಕೆಲಸಕ್ಕೆ ಒಪ್ಪಿಕೊಂಡ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಏರಿಸುವುದು. ಮಧ್ಯಾಹ್ನದ ಮೇಲೆ ಹೊಳೆ. ಹಸಿ ಸೊಪ್ಪಿನ ಅಂಟು ಕೈಗೆ ಮೆತ್ತಿ ಟಾರಿನ ಹಾಗೆ ಕಪ್ಪಾಗುತ್ತದೆ. ಕೆಲಸ ಮುಗಿದ ಮೇಲೆ ಆಳುಗಳೆಲ್ಲ ಹುಣಸೆಹುಳಿಯನ್ನೂ ಬೂದಿಯನ್ನೂ ಹಾಕಿ ಉಜ್ಜುತ್ತಿದ್ದರು. ಕಪ್ಪು ಹೋಗಿ ಕೈ ಬೆಳ್ಳಗಾಗುತ್ತಿತ್ತು. ಬೆಳ್ಳಗಾದ ಕೈ ಶುದ್ಧವಾದ ಕೈ ಎಂದು ಮಂಟಯ್ಯ ಲೆಕ್ಕ ಹಾಕಿದ.

ನೀಲಕಂಠಸ್ವಾಮಿಯವರದು ಲಿಂಗ ಕಟ್ಟಿದ ಮನೆ. ಮೀನಿನ ವಾಸನೆ ಬಂದರೆ ದಾರಿ ಬದಲಿಸುವವರು. ಆದರೆ ಎರೆಯ ವಿಚಾರವೆಂದರೆ ಅವರಿಗೆ ಕಿವಿ ನಿಮಿರುತ್ತಿತ್ತು. ಸೊಪ್ಪು ಕಟ್ಟುವ ಚಪ್ಪರಕ್ಕೆ ಬಂದು ನಿಂತು ದಿನಾ ಕೇಳುವರು:

"ಏನ್ ಹಾಕ್ದ್ಯೋ ಮಂಟಯ್ಯ ನೆನ್ನೆ?"

"ರಾಗಿ ಉಂಡೆ, ಬುದ್ಧಿ. ಒಸಿ ಹಿಂಡಿ."

"ಬೆಲ್ಲ ಹಾಕಿದ್ದೀಯಾ?"

"ಬೆಲ್ಲ ಹಾಕುದ್ರೆ ಇರುವೆ ಬತ್ತಾವೆ ಬುದ್ಧಿ, ಮೀನು ಬರಲ್ಲ."

"ತಿನ್ನೋದು ನೀನು, ಕೇಳಿ ಖುಷಿಪಡೋದು ನಾನು. ನನ್ನದೇ ಲಾಭ" ಎಂದು ಅವರು ನಗುತ್ತ ಹೋಗುವರು.

ಪಕ್ಷ ಹತ್ತಿರವಾದಾಗ ಮಂಟಯ್ಯ ಅತ್ತಿಮರದ ಕೆಳಗಿನ ಮಡುವನ್ನು ಗೊತ್ತುಮಾಡಿಕೊಂಡ. ಅವ್ವ ಇಲ್ಲ, ತಾನೇ ಕುಟ್ಟಿ, ತಾನೇ ನಾದಿ ಉಂಡೆ ಮಾಡಿದ. ಉಂಡೆ ಬಿರುಕು ಬಿಡಲಿಲ್ಲ. ದಿನಾ ಮಡುವಿಗೆ ಅಷ್ಟಷ್ಟು ಎಸೆದ. ರೂಢಿಯಾಗಿರಬೇಕು ಎಂದುಕೊಂಡ ದಿನ ಗಾಳ ಬಿಟ್ಟ. ನೀರಿನ ಮೇಲಿನ ಬೆಂಡು ಒಂದು ಸಲ ತಲೆಯಾಡಿಸಿತು. ಮತ್ತೆ ಸುಮ್ಮನಾಯಿತು. ಮಾರನೆಯ ದಿನವೂ ಅಷ್ಟೇ.

ಇದರ ಅರ್ಥ ಅವನಿಗೆ ಗೊತ್ತಿತ್ತು. ಗೆಂಡೆ ಉಂಡೆಯನ್ನು ಕಚ್ಚುವುದಿಲ್ಲ. ನೀರಿನ ಸಮೇತ ಬಾಯೊಳಕ್ಕೆ ಎಳೆದುಕೊಂಡು ರುಚಿ ನೋಡುತ್ತದೆ. ಹಿಡಿಸದಿದ್ದರೆ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹೊರಕ್ಕೆ ಊದುತ್ತದೆ. ಮಡುವಿನಲ್ಲಿ ಮೀನಿದೆ, ಉಂಡೆಯ ಹತ್ತಿರ ಬರುತ್ತಿದೆ, ರುಚಿ ನೋಡಿ ಉಗಿಯುತ್ತಿದೆ. ಹಾಗಾದರೆ ತಪ್ಪು ಉಂಡೆಯದು.

ಉಂಡೆಯಲ್ಲಿ ತಪ್ಪೇನು ಎನ್ನುವುದಕ್ಕೂ ಅವನಲ್ಲಿ ಉತ್ತರವಿತ್ತು. ಆ ವರ್ಷ ಮನೆಯ ಹಗೇವು ತೆಗೆದಿದ್ದರು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇದ್ದ ರಾಗಿ ಕೆಲವೊಮ್ಮೆ ತಳದಲ್ಲಿ ಮುಗ್ಗಾಗಿ ಕಹಿ ಬರುತ್ತದೆ. ಮನೆಯಲ್ಲಿ ಉಣ್ಣುವ ಮುದ್ದೆ ಕೆಲವು ದಿನಗಳಿಂದ ಅವನಿಗೆ ಕಹಿಯಾಗಿತ್ತು.

"ನಿನ್ ಹಗೇವ್ ರಾಗಿ ಮುಗ್ಗು ಕಣಮ್ಮಿ. ಮೀನೂ ಉಗೀತಾವೆ" ಎಂದ ಹೆಂಡತಿಗೆ.

"ಹಗೇವು ನಂದಾ? ಮುಚ್ಚುದ್ದು ನೀನು, ತೆಗ್ದಿದ್ದು ನೀನು" ಎಂದಳು ಚಿಕ್ಕಸಿದ್ದಮ್ಮ. "ಮೀನು ಉಗುದ್ರೆ ನನ್ನ್ ಯಾಕ್ ಬೈತೀಯಾ?"

ಮಂಟಯ್ಯ ರಾಗಿ ಬಿಟ್ಟ. ನೀಲಕಂಠಸ್ವಾಮಿಯವರು ಗಾಣದಿಂದ ಹೊಸ ಹುಚ್ಚೆಳ್ಳು ಹಿಂಡಿ ತರಿಸಿಕೊಟ್ಟರು. ಬರೀ ಹಿಂಡಿಯ ಉಂಡೆ ಮಾಡಿದ. ಬೆಂಡು ಒಂದು ಸಲ ಅಲ್ಲಾಡಿ ನಿಂತಿತು. ಹಿಂಡಿ ಬಿಟ್ಟು, ಕಾಲವಲ್ಲದಿದ್ದರೂ ಎರೆಹುಳು ತೋಡಿದ. ಹುಳುಗಳು ಮುಳ್ಳಿನ ಮೇಲೆ ಹಳೆಯ ದಾರದ ತುಂಡಿನಂತೆ ಜೋತುಬಿದ್ದವು. ಬಿಸಿಲಿಗೆ ಬಾಡಿರಬೇಕು ಎಂದುಕೊಂಡ. ದಾರ ಬದಲಿಸಿದ. ಮಡು ಬದಲಿಸಿದ. ಅಲ್ಲಿಯೂ ಅದೇ ಉಗುಳು.

ಒಂದೊಂದನ್ನೇ ಬದಲಿಸುತ್ತ ಹೋಗುವ ಅವನ ಕ್ರಮದಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ಎಲ್ಲ ಬದಲಾದರೂ ಬದಲಾಗದೆ ಉಳಿದದ್ದೊಂದು ಇತ್ತು, ಮತ್ತು ಅದು ಅವನಿಗೆ ಕಾಣದಷ್ಟು ಹತ್ತಿರದಲ್ಲಿತ್ತು.

ಊರಿನಲ್ಲಿ ಮಾತು ಹಬ್ಬಿತು. ಚಪ್ಪರದಲ್ಲಿ ಅವನ ಎದುರು ಕೂತು ಸೊಪ್ಪು ಕಟ್ಟುತ್ತಿದ್ದ ಸೋಮಯ್ಯ, ಜೊತೆಯಲ್ಲಿ ಆಡಿ ಬೆಳೆದವನು, ಒಂದು ಬೆಳಗ್ಗೆ ತಡೆಯಲಾರದೆ ಹೇಳಿದ:

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಮಂಟ. ಅಷ್ಟು ವರ್ಷ ಗಾಳ ನಿಂದಾಗಿತ್ತು, ಕೈ ನಿಮ್ಮವ್ವಂದಾಗಿತ್ತು. ಕೈ ಹೋಯ್ತು, ಮೀನೂ ಹೋದ್ವು."

"ಅವ್ವ ಕಲಸೋಳು ಕಣ್ಲಾ. ಏನ್ ಕಲಸ್ಬೇಕು ಅಂತ ಹೇಳೋನು ನಾನು."

"ಅಂಗಾದ್ರೆ ಈಗ ಹೇಳು, ನೀನೇ ಕಲಸು. ಬ್ಯಾಡ ಅಂದೋರ್ ಯಾರು? ಆಗ್ದಿದ್ರೆ ಹುಣಸೂರ್ ಸಂತೇಲಿ ಒಂದ್ ಮೀನು ತಂದು ಎಡೆಗಿಡು. ಮುದುಕಿಗೇನ್ ಗೊತ್ತಾಯ್ತದೆ?"

"ಹುಟ್ಟುದ್ ದಿನದಿಂದ ಗೊತ್ತು ನಂಗೆ, ಅವ್ವಂಗೆ ಗೊತ್ತಾಗ್ದೆ ಇರೋದು ಏನೂ ಇಲ್ಲ" ಎಂದ ಮಂಟಯ್ಯ.

ಬೇರೆಯವರು ನಕ್ಕರು. ಅವನೂ ನಕ್ಕ. ಆದರೆ ಕಟ್ಟುತ್ತಿದ್ದ ಸೊಪ್ಪಿನ ದಂಟು ಅವನ ಬೆರಳುಗಳ ನಡುವೆ ಮುರಿಯಿತು. ಎಡೆಗೆ ಗೆಂಡೆ ಇಲ್ಲದಿದ್ದರೆ ಅವ್ವ ಹೊಸ್ತಿಲ ಹೊರಗೆ ನಿಲ್ಲುತ್ತಾಳೆ. ಇಷ್ಟು ವರ್ಷ ತನ್ನದೆಂದುಕೊಂಡಿದ್ದ ವಿದ್ಯೆಯೂ ಅವಳ ಜೊತೆಗೇ ಹೊರಗೆ ಹೋದ ಹಾಗಾಗುತ್ತದೆ. ಅಮಾವಾಸ್ಯೆ ಆ ವಾರದೊಳಗೇ ಇತ್ತು.

ಆ ಮಧ್ಯಾಹ್ನ ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂತ. ಮೊದಲ ತುತ್ತು ಮುರಿದು ಬಾಯಿಗಿಟ್ಟವನೇ ಮುಖ ಕಿವುಚಿದ.

"ಇವತ್ತೂ ಕಹಿ."

ಚಿಕ್ಕಸಿದ್ದಮ್ಮ ಸಾರಿನ ಸೌಟನ್ನು ಕೆಳಗಿಟ್ಟಳು. ಅವಳು ಕೃಷ್ಣರಾಜನಗರದ ಕಡೆ ಕಾವೇರಿ ದಡದ ಊರಿನವಳು. ಮಾತು ಕಡಿಮೆ, ಆಡಿದರೆ ನೇರ.

"ಇದೇ ಹಿಟ್ಟ ನಾನೂ ಉಂಡಿವ್ನಿ. ಪಕ್ಕದ್ಮನೆ ಮಗ ಉಂಡದೆ. ನಿಂಗೊಬ್ನಿಗೇ ಕಹಿ. ಅವ್ವ ಹೋದ್ಮೇಲೆ ಬಾಯಿ ಕೆಟ್ಟದೆ ಅಂತ ಸುಮ್ನಿದ್ರೆ, ದಿನಾ ನನ್ ಹಿಟ್ಟಿಗೇ ಹೆಸ್ರು ಮಡಗ್ತೀಯಲ್ಲ."

ಹೇಳುತ್ತಲೇ ಅವನ ಮುದ್ದೆಯ ಇನ್ನೊಂದು ಮಗ್ಗುಲಿನಿಂದ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವನ ಬಾಯಿಗೆ ತುರುಕಿದಳು. ಮದುವೆಯ ದಿನ ಹಿರಿಯರು ಹೇಳಿ ತಿನ್ನಿಸಿದ್ದು ಬಿಟ್ಟರೆ ಅವಳು ಅವನಿಗೆ ತುತ್ತು ಕೊಟ್ಟಿರಲಿಲ್ಲ. ಈಗ ಕೊಟ್ಟದ್ದೂ ಪ್ರೀತಿಗಲ್ಲ, ಸಿಟ್ಟಿಗೆ.

ಮಂಟಯ್ಯ ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿದ.

"ಇನ್ನೊಂದ್ ಕೊಡಮ್ಮಿ."

"ಚಟ ಹತ್ತಿಸ್ಕಬ್ಯಾಡ."

"ಕೊಡು ಅಂದ್ನಲ್ಲ."

ಎರಡನೆಯ ತುತ್ತೂ ಕಹಿಯಿರಲಿಲ್ಲ. ಆಗ ಅವನು ಅದೇ ಮುದ್ದೆಯಿಂದ ತಾನೇ ಒಂದು ತುಂಡು ಮುರಿದು, ಅಂಗೈಯಲ್ಲಿ ಇಟ್ಟು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ ಅಂಗಳದಲ್ಲಿ ಉಗುಳಿದ. ಗೋಡೆಯ ಬುಡದಲ್ಲಿ ಎರೆಹುಳು ಇಟ್ಟಿದ್ದ ತೆಂಗಿನ ಚಿಪ್ಪು ಇತ್ತು. ಅವನು ಕೈಯಿಂದ ಆರಿಸಿ ಮೇಲಿಟ್ಟಿದ್ದ ಹುಳುಗಳು ಉದ್ದಕ್ಕೆ ಬಿದ್ದಿದ್ದವು. ಕೆಳಗೆ ಮಣ್ಣಿನಲ್ಲಿ, ಅವನು ಮುಟ್ಟದೆ ಬಿಟ್ಟಿದ್ದವು ಚಿಪ್ಪು ಅಲ್ಲಾಡಿಸಿದರೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಬಿಸಿಲು ಎರಡಕ್ಕೂ ಒಂದೇ.

ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿದರೆ ಗಿಡದ ಹೇನು ಸಾಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಂಟಯ್ಯನಿಗೂ ಗೊತ್ತಿತ್ತು. ಹುಳಿಯೂ ಬೂದಿಯೂ ಕೈಯ ಕಪ್ಪನ್ನು ತೆಗೆಯುತ್ತವೆ. ಉಗುರಿನ ಸಂದಿಗೆ, ಚರ್ಮದ ಗೆರೆಗಳಿಗೆ ಇಳಿದ ಕಹಿಯನ್ನು ಅಷ್ಟು ಸುಲಭವಾಗಿ ತೆಗೆಯುವುದಿಲ್ಲ. ರಾಗಿ, ಹಿಂಡಿ, ಹುಳು ಎಲ್ಲವೂ ಹಾದುಹೋದದ್ದು ಆ ಎರಡು ಕೈಗಳಿಂದ.

ಒಳಗೆ ಬಂದು ನಗುತ್ತ ಕೂತ. "ರಾಗಿ ಅಲ್ಲ, ಹೊಳೆ ಅಲ್ಲ, ಅವ್ವನ್ ಮುನಿಸೂ ಅಲ್ಲ. ಸೊಪ್ಪು ಕಣಮ್ಮಿ. ಸೊಪ್ಪಿನ ಕೈ."

"ಅಂಗಾರೆ ನನ್ ಹಿಟ್ಟು?"

"ನಿನ್ ಹಿಟ್ಟು ಚೆನ್ನಾಗೇ ಅದೆ."

"ಅಷ್ಟು ಬಾಯಲ್ಲಿ ಬಂತಲ್ಲ. ಉಣ್ಣು."

ಕಾರಣ ತಿಳಿದ ಕೂಡಲೇ ಅವನ ಹಳೆಯ ಧೈರ್ಯ ಮರಳಿತು. ಊಟ ಮುಗಿಸುವಷ್ಟರಲ್ಲಿ ಮುಂದಿನ ದಾರಿಯನ್ನೂ ಯೋಚಿಸಿಬಿಟ್ಟ. ಸೊಪ್ಪು ಮುರಿಯುವ ಭರಾಟೆಯಲ್ಲಿ ಕೆಲಸ ಬಿಡುವ ಹಾಗಿಲ್ಲ. ಬಿಟ್ಟರೂ ಕೈ ಅಮಾವಾಸ್ಯೆಯೊಳಗೆ ಶುದ್ಧವಾಗುವ ಭರವಸೆ ಇಲ್ಲ. ಅತ್ತಿಮರದ ಮಡು ಹೋಯಿತು. ಅಲ್ಲಿಯ ಮೀನಿಗೆ ತಾನೇ ದಿನಾ ಕಹಿ ಉಂಡೆ ಎಸೆದು, ಉಂಡೆ ಎಂದರೆ ಉಗುಳಬೇಕಾದ್ದು ಎಂದು ರೂಢಿ ಮಾಡಿಸಿದ್ದಾನೆ. ಕಲಸಲು ಬೇರೆ ಕೈ ಬೇಕು, ಮುಳ್ಳಿಗೆ ಸಿಕ್ಕಿಸಲೂ ಅದೇ ಕೈ ಬೇಕು. ಜಾಗವೂ ಬೇರೆಯದು ಬೇಕು, ಆದರೆ ಹೊಸ ಜಾಗಕ್ಕೆ ರೂಢಿ ಮಾಡಿಸಲು ದಿನವಿಲ್ಲ.

"ರೂಢಿಯಾಗಿರೋ ಜಾಗ ಒಂದದೆ" ಎಂದಳು ಚಿಕ್ಕಸಿದ್ದಮ್ಮ. "ನಾವು ಪಾತ್ರೆ ತೊಳೆಯೋ ಕಲ್ಲು."

"ಅಲ್ಲಿ ಏನದೆ?"

"ಹಿಟ್ಟಿನ್ ಮಡಕೆ ಉಜ್ಜುದ್ರೆ ಸೀಕು ಏಳ್ತದಲ್ಲ, ಅದ್ಕೆ ಬತ್ತಾವೆ. ನಾನು ನೀರಿಗಿಳುದ್ರೆ ಕಾಲ್ ಸಂದೀಲಿ ತಿರುಗ್ತಾವೆ. ಒಂದಂತೂ ಅದೆ, ಕಪ್ಪು ಬೆನ್ನಿಂದು, ನನ್ ಮೊಣಕೈ ಉದ್ದ."

ಮುದ್ದೆ ತಿರುವಿದ ಮಡಕೆಯ ತಳಕ್ಕೆ ಹತ್ತಿ ಕೆಂಪಗೆ ಸುಟ್ಟ ಪದರಕ್ಕೆ ಸೀಕು ಎನ್ನುತ್ತಾರೆ. ಊರಿನ ಮಡಕೆಗಳನ್ನೆಲ್ಲ ಹೊಳೆಯ ಅಂಚಿನ ಆ ಕಲ್ಲಿನ ಮೇಲೆ ದಿನವೂ ತೊಳೆಯುತ್ತಿದ್ದರು.

"ಹೆಂಗಸ್ರು ಪಾತ್ರೆ ತೊಳೆಯೋ ತಾವ ಹೋಗಿ ನಾನು ಗಾಳ ಹಾಕಾದಾ? ಊರು ನಗ್ತದೆ ಕಣಮ್ಮಿ."

"ಊರು ಈಗೇನ್ ಅಳ್ತಾ ಕುಂತದಾ?"

ಮಂಟಯ್ಯ ಗೋಡೆಗೆ ಒರಗಿ ಯೋಚಿಸಿದ. ಹೊಳೆಯ ದಡದಿಂದ ಏನು ಬೀಳುತ್ತದೋ ಅದೇ ಎರೆ. ಅತ್ತಿಹಣ್ಣು ಮರದಿಂದ ಬಿದ್ದರೆ ಸೀಕು ಕಲ್ಲಿನಿಂದ ಬೀಳುತ್ತದೆ. ದಡ ದಡವೇ.

"ಮೊದ್ಲಿಂದ ನಾನ್ ಹೇಳೋದೂ ಅದೇ ತಾನೆ" ಎಂದ.

"ಹೂಂ ಕಣಪ್ಪ, ನೀನೇ ಹೇಳಿದ್ದು" ಎಂದಳು ಅವಳು, ಮಡಕೆಯ ತಳದಿಂದ ಸೀಕು ಎಬ್ಬಿಸುತ್ತ.

ಅವತ್ತೇ ಸಂಜೆ ಚಿಕ್ಕಸಿದ್ದಮ್ಮ ಸೀಕನ್ನು ನೀರಿನಲ್ಲಿ ನೆನೆಸಿ, ನೀರು ಹಿಂಡಿ ತೆಗೆದು, ರಾಗಿ ಹಿಟ್ಟು ಸೇರಿಸಿ ನಾದಲು ಕೂತಳು. ಮಂಟಯ್ಯ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಹೇಳಿಕೊಟ್ಟ.

"ಗಟ್ಟಿಯಾಯ್ತು. ಕಿವಿ ಹಾಲೆ ಎಷ್ಟು ಮೆತ್ತಗಿರ್ತದೋ ಅಷ್ಟು ಇರ್ಬೇಕು."

"ಯಾರ್ ಕಿವಿ? ನಂದಾ, ನಿಂದಾ? ನಿಂದು ಒಣಗಿ ಚಕ್ಕಳ ಆಗದೆ."

"ನಿಂದೇ ಆಗ್ಲಿ."

ಮೊದಲ ಉಂಡೆ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಬೆಳಗಾಗುವಷ್ಟರಲ್ಲಿ ಬಿರುಕು ಬಿಟ್ಟಿತ್ತು. ಮಂಟಯ್ಯ ಬ್ಯಾರನ್ನಿಗೆ ಹೊರಡುವಾಗ ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಅಂಗೈಗೆ ಹರಳೆಣ್ಣೆ ಸವರಿಕೊಂಡು ಮತ್ತೆ ನಾದುತ್ತಿದ್ದಳು.

"ಎಣ್ಣೆ ಯಾಕೆ?"

"ಅತ್ತೆ ಸವರ್ಕತಿತ್ತು. ನೀನು ನೋಡಿಲ್ವಾ?"

ಅವನು ನೋಡಿರಲಿಲ್ಲ. ಉಂಡೆ ಸಿದ್ಧವಾದ ಮೇಲೆ ಬರುವುದಷ್ಟೇ ಅವನ ರೂಢಿಯಾಗಿತ್ತು.

ಮಧ್ಯಾಹ್ನ ಹೆಂಗಸರು ಪಾತ್ರೆ ತೊಳೆದುಕೊಂಡು ಹೋದ ಮೇಲೆ ಇಬ್ಬರೂ ಕಲ್ಲಿಗೆ ಬಂದರು. ಅವನ ಕೈಯಲ್ಲಿ ಬಿದಿರು ಕಡ್ಡಿ, ಅವಳ ಕಂಕುಳಲ್ಲಿ ಹಿಟ್ಟಿನ ಮಡಕೆ. ನೀರು ಎಳನೀರಿನ ಬಣ್ಣಕ್ಕೆ ತಿಳಿಯಾಗಿತ್ತು. ಮಂಟಯ್ಯ ಸೀಸದ ಗುಂಡನ್ನು ಬಿಚ್ಚಿಸಿದ. ಮಡಕೆಯಿಂದ ಎದ್ದ ಸೀಕು ಒಂದು ಗಳಿಗೆ ತೇಲಿ ಆಮೇಲೆ ಮೆಲ್ಲಗೆ ಇಳಿಯುತ್ತದೆ. ಮುಳ್ಳಿನ ತುಂಡೂ ಹಾಗೆಯೇ ಇಳಿಯಬೇಕು, ಕಲ್ಲಿನ ಹಾಗೆ ಮುಳುಗಬಾರದು. ಬೆಂಡನ್ನು ಇನ್ನೂ ಕೆಳಗೆ ಸರಿಸುವಂತೆ ಹೇಳಿದ. ಅವಳು ಮುಳ್ಳಿನ ತುದಿ ಕಾಣದಂತೆ ಉಂಡೆ ಮೆತ್ತಿ, ಮೇಲೊಂದು ಸೀಕಿನ ಚೂರು ಒತ್ತಿದಳು.

"ಈಗ ಮಡಕೆ ಉಜ್ಜು."

"ತೊಳ್ದಿರೋದೇ ಕಣ."

"ಸದ್ದಿಗೆ. ಊಟಕ್ಕೆ ಕರಿಬ್ಯಾಡ್ವಾ?"

ಅವಳು ಬೂದಿಯನ್ನೂ ತೆಂಗಿನ ನಾರನ್ನೂ ಹಿಡಿದು ಉಜ್ಜತೊಡಗಿದಳು. ಕರಕರ ಎನ್ನುವ ಸದ್ದು ಕಲ್ಲಿನಿಂದ ನೀರಿಗೆ ಇಳಿಯಿತು. ನಡುನಡುವೆ ಸೀಕಿನ ಚೂರು ಎರಚಿದಳು. ಮೊದಲು ಬೆರಳುದ್ದದ ಮರಿಗಳು ಬಂದವು. ಅವುಗಳ ಕೆಳಗೆ ನೀರಿನ ಬಣ್ಣ ಒಂದು ಕಡೆ ದಟ್ಟವಾಯಿತು. ಅವಳು ಉಜ್ಜುವುದನ್ನು ನಿಲ್ಲಿಸದೆ, ಗಲ್ಲದಿಂದ ಆ ಕಡೆ ತೋರಿಸಿ, ಉಂಡೆಯನ್ನು ಕೈಯಾರೆ ನೀರಿಗೆ ಬಿಟ್ಟಳು.

ಬೆಂಡು ಒಂದು ಸಲ ತಲೆಯಾಡಿಸಿತು.

ಇಷ್ಟು ದಿನ ಅದು ಇಲ್ಲಿಗೇ ನಿಲ್ಲುತ್ತಿತ್ತು. ಮಂಟಯ್ಯನ ಮಣಿಕಟ್ಟು ಬಿಗಿಯಾಯಿತು, ಆದರೆ ಎಳೆಯಲಿಲ್ಲ. ರುಚಿ ನೋಡುವ ಮೀನಿನ ಬಾಯಿಂದ ಎಳೆದರೆ ಉಂಡೆ ಮಾತ್ರ ಬರುತ್ತದೆ. ಬೆಂಡು ಮತ್ತೆ ಅಲ್ಲಾಡಿತು. ಆಮೇಲೆ ಓರೆಯಾಗಿ, ಅವಸರವಿಲ್ಲದೆ, ಕಲ್ಲಿನಿಂದ ದೂರಕ್ಕೆ ನಡೆಯತೊಡಗಿತು. ನಡೆಯುತ್ತ ನಡೆಯುತ್ತ ಮುಳುಗಿತು. ಆಗ ಎಳೆದ.

ಬಿದಿರು ಕಡ್ಡಿ ಬಾಗಿ ತುದಿ ನೀರು ಮುಟ್ಟಿತು. ಗೆಂಡೆ ನಡುಹೊಳೆಗೆ ಎಳೆಯಿತು. ಅವನು ಎದುರು ಎಳೆಯದೆ ಅದರ ಜೊತೆ ದಡದ ಗುಂಟ ನಡೆದ. ದಣಿದಾಗ ತಿರುಗಿಸಿಕೊಂಡು ಬಂದ. ಮತ್ತೆ ಹೋಯಿತು, ಮತ್ತೆ ಬಂತು. ಕಡೆಗೆ ಕಲ್ಲಿನ ಹತ್ತಿರ ಕಪ್ಪು ಬೆನ್ನು ಮಗುಚಿ ಹೊಟ್ಟೆಯ ಹಳದಿ ಕಂಡಿತು.

"ಕೈ ಹಾಕ್ಬ್ಯಾಡ, ಜಾರ್ತದೆ. ಸೆರಗು ಹಾಕು" ಎಂದ.

ಚಿಕ್ಕಸಿದ್ದಮ್ಮ ಸೊಂಟದವರೆಗೆ ನೀರಿಗಿಳಿದು ಸೆರಗಿನಲ್ಲಿ ಮೀನನ್ನು ಸುತ್ತಿ ಎದೆಗೆ ಒತ್ತಿಕೊಂಡಳು. ಅದು ಬಾಲ ಬಡಿದ ಏಟಿಗೆ ಕಲ್ಲಿನ ಅಂಚಿನಲ್ಲಿದ್ದ ಮಡಕೆ ಉರುಳಿ ಎರಡು ಹೋಳಾಯಿತು.

ಅವಳು ಮೀನನ್ನು ಬಿಡದೆ ಹೋಳುಗಳನ್ನು ನೋಡಿದಳು. "ಹೋಯ್ತಲ್ಲ ನನ್ ಮಡಕೆ."

"ಹೊಸುದ್ ತತ್ತೀನಿ ಬುಡು."

"ಹೊಸ ಮಡಕೇಲಿ ಸೀಕು ಕಟ್ಟಕ್ಕೆ ವರ್ಷ ಬೇಕು ಕಣ. ಅದೂ ನೀನೇ ಕಟ್ತೀಯಾ?"

ಮಾರನೆಯ ಬೆಳಗ್ಗೆ ಚಪ್ಪರದಲ್ಲಿ ನೀಲಕಂಠಸ್ವಾಮಿಯವರು ಎಂದಿನಂತೆ ಕೇಳಿದರು. ಸೀಕು ಎಂದಾಗ ಅವರು ನಂಬದೆ ಇನ್ನೊಮ್ಮೆ ಕೇಳಿದರು. ಪೂರ್ತಿ ವಿಷಯ ಹೇಳಿಸಿಕೊಂಡು, ದಿನಾ ಸೊಪ್ಪು ಮುಟ್ಟಿ ನೋಡುವ ತಮ್ಮ ಬೆರಳಿನ ತುದಿಯನ್ನು ಒಂದು ಸಲ ನಾಲಿಗೆಗೆ ಮುಟ್ಟಿಸಿ ನೋಡಿದರು.

"ಅದಕ್ಕೇ ಏನೋ ನಮ್ಮ ಮನೇಲೂ ನಾನು ಹೋಳಿಗೆ ಕಹಿ ಅಂತ ಬೈದದ್ದು" ಎಂದು ಮೆಲ್ಲಗೆ ಹೇಳಿ, ಯಾರನ್ನೂ ನೋಡದೆ ಹೊರಟುಹೋದರು.

ಸೋಮಯ್ಯ ಸೊಪ್ಪಿನ ಮೇಲಿನಿಂದ ತಲೆ ಎತ್ತಿದ. "ಅಂಗಾದ್ರೆ ಕೈ ನಿಮ್ಮವ್ವಂದು ಅಂದಿದ್ದು ಸುಳ್ಳಾ?"

"ಅರ್ಧ ಸುಳ್ಳು" ಎಂದ ಮಂಟಯ್ಯ. "ನಾಳೆ ಎಡೆಗೆ ಬಾ. ಉಳಿದರ್ಧ ಬಡಿಸ್ತೀನಿ."

ಅಮಾವಾಸ್ಯೆಯ ದಿನ, ಅಲ್ಲಿಯವರೆಗೆ ಹಂಡೆಯ ನೀರಿನಲ್ಲಿ ಜೀವಂತ ಇಟ್ಟಿದ್ದ ಗೆಂಡೆಯನ್ನು ಹುಣಸೆಹುಳಿ ಬಿಟ್ಟು ಸಾರು ಮಾಡಿದರು. ಬಾಳೆಎಲೆಯ ನಡುವೆ ದೊಡ್ಡ ತುಂಡು, ಪಕ್ಕದಲ್ಲಿ ಮುದ್ದೆ, ಎಲೆಅಡಿಕೆ, ಹೊಸ ಸೀರೆ. ಒಂದೇ ಗೆಂಡೆ, ಎಡೆಗೊಂದು ಸಾರಿಗೊಂದು ಎಂದ ಮಾತು ಅಷ್ಟರ ಮಟ್ಟಿಗೆ ತಪ್ಪಿತು. ಬಂದವರೆಲ್ಲ ಕೈಮುಗಿದರು. ಬಾಗಿಲು ಎಳೆಯುವ ಮುಂಚೆ ಚಿಕ್ಕಸಿದ್ದಮ್ಮ ಅಡುಗೆಮನೆಯಿಂದ ಏನನ್ನೋ ತಂದು ಎಲೆಯ ತುದಿಗೆ ಇಟ್ಟಳು. ನಿಂಬೆಹಣ್ಣಿನ ಗಾತ್ರದ, ಕಂದು ಬಣ್ಣದ ಉಂಡೆ.

"ಇದ್ಯಾಕೆ? ಇದು ಮೀನಿಂದು" ಎಂದ ಮಂಟಯ್ಯ.

"ಇರ್ಲಿ. ಅತ್ತೆ ನೋಡ್ಲಿ."

ಬಾಗಿಲು ಎಳೆದು ಎಲ್ಲರೂ ಜಗಲಿಯ ಮೇಲೆ ಕೂತರು. ಸೋಮಯ್ಯ ಎರೆಯ ಬಗ್ಗೆ ಏನೋ ಕೇಳಿದ. ಮಂಟಯ್ಯ ಮುಂದೆ ಬರುವ ಅವರೆಯ ಕಾಲದ ಬಗ್ಗೆ, ಹಿತಕಿದ ಬೇಳೆ ಎಷ್ಟು ಬೇಯಬೇಕು ಎಂಬುದರ ಬಗ್ಗೆ ಹಳೆಯ ದನಿಯಲ್ಲೇ ಹೇಳತೊಡಗಿದ. ಹೇಳುವಾಗಲೂ ಕಣ್ಣು ಬಾಗಿಲ ಮೇಲಿತ್ತು.

ಸಾಕಷ್ಟು ಹೊತ್ತಾದ ಮೇಲೆ ಹಿರಿಯಳೊಬ್ಬಳು ಬಾಗಿಲು ತಟ್ಟಿ ತೆರೆದಳು. ಮುದ್ದೆ ಮುರಿದಿದೆಯೇ, ಸಾರು ಕದಡಿದೆಯೇ ಎಂದು ಎಲ್ಲರೂ ಎಲೆಯ ನಡುವೆ ಬಾಗಿದರು. ಮಂಟಯ್ಯ ಎಲೆಯ ತುದಿಯ ಹತ್ತಿರ ಕೂತು, ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು, ಮುಟ್ಟದೆ, ಉಂಡೆಯನ್ನು ಎಲ್ಲ ಮಗ್ಗುಲಿನಿಂದಲೂ ನೋಡಿದ.

"ಬಿರುಕು ಬಿಟ್ಟಿಲ್ಲ ಕಣಮ್ಮಿ" ಎಂದ.

"ಬಿರುಕು ಬುಡಕ್ಕೆ ಅದೇನ್ ನಿನ್ ಕೈಯಿ ಕಲಸಿದ್ದಾ?" ಎಂದಳು ಚಿಕ್ಕಸಿದ್ದಮ್ಮ. ಎಡೆಯ ಎಲೆಯಿಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಂದವರೆಲ್ಲ ನೋಡುತ್ತಿರುವಂತೆಯೇ ಮೊದಲ ತುತ್ತನ್ನು ಅವನ ಬಾಯಿಗೆ ಹಿಡಿದಳು.